ನಂಗ್ ಸಿಗುವ ಜಾಗ

ಶಿವಾಜಿನಗರದಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೀನಿನ ವಾಸನೆಗೆ ಯಾರಾದರೂ ಸತ್ತದ್ದುಂಟೇ? ಮೊನ್ನೆ ಮಗಳ ಜೊತೆ ಬಟ್ಟೆ ಕೊಳ್ಳಲು ಹೋದಾಗ ಮಾರ್ಕೆಟ್ ಕಡೆಯಿಂದ ಅದೇ ವಾಸನೆ ಬಂತು. ಕರಗುತ್ತಿರುವ ಐಸು, ಒದ್ದೆ ಗೋಣಿ, ಬಂಗುಡೆ. ಮಗಳು ಮೂಗು ಮುಚ್ಚಿಕೊಂಡಳು. ಬೈಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ವಾರವಿಡೀ ಯಾರ ಹತ್ತಿರವೂ ನೆಟ್ಟಗೆ ನಾಲ್ಕು ಮಾತಾಡದೆ, ಭಾನುವಾರ ಬಂತೆಂದರೆ ಈ ವಾಸನೆಯನ್ನೇ ಹುಡುಕಿಕೊಂಡು ಬರುತ್ತಿದ್ದ ಒಂದು ಮಳೆಗಾಲ ನೆನಪಾಯಿತು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಉಡುಪಿ ಕಡೆಯ ಕಡಲತಡಿಯವಳು, ಮನೆಮಾತು ತುಳು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಪ್ಪನೂ ಹೋದ. ಮನೆಯಲ್ಲಿ ದೊಡ್ಡಪ್ಪನ ಮಕ್ಕಳು ಬಂದು ಕೂತರು. ಬೇಸಿಗೆ ಹಿಡಿಯುವ ಮೊದಲೇ ಊರಿನವಳೊಬ್ಬಳು ನನ್ನನ್ನು ಬೆಂಗಳೂರಿಗೆ ಕರೆತಂದು, ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಸೇರಿಸಿ, ತಾನು ಮದುವೆಯಾಗಿ ಮುಂಬೈಗೆ ಹೊರಟುಹೋದಳು. ಕಗ್ಗದಾಸಪುರದ ವಠಾರದಲ್ಲಿ ನಾವಿಬ್ಬರೂ ಇದ್ದ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಕೆರೆಯ ಆಚೆ ಆಗಿನ್ನೂ ರಾಗಿ ಹೊಲವಿತ್ತು. ವಿಮಾನಪುರದ ಕಡೆಗೆ ಇಳಿಯುವ ವಿಮಾನ ತಲೆಯ ಮೇಲೆ ಬಂದರೆ ಗೂಡಿನಲ್ಲಿದ್ದ ಲೋಟಗಳು ಗಡಗಡ ನಡುಗುತ್ತಿದ್ದವು. ಉಳಿದ ಕೋಣೆಗಳಲ್ಲೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು. ಸಂಜೆಯಾದರೆ ಅವರ ಬಾಗಿಲುಗಳಿಂದ ರೊಟ್ಟಿ ತಟ್ಟುವ ಸದ್ದು, ಮಕ್ಕಳ ಜಗಳ, ನಗು. ನನ್ನ ಬಾಗಿಲಲ್ಲಿ ನಾನು ಮಾತ್ರ.

ಅಪ್ಪ ನನಗೆ ಬಿಟ್ಟುಹೋದದ್ದು ಒಂದೇ ಆಸ್ತಿ, ಅದೂ ನೀರಿನೊಳಗೆ. ಹೊಳೆ ಕಡಲಿಗೆ ಸೇರುವ ಬಾಯಿಗೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ಆ ಅಳಿವೆಯಲ್ಲಿ ನಂಗ್ ಮೀನು ಸಿಗುವ ಒಂದು ಜಾಗ ಅಪ್ಪನಿಗೆ ಗೊತ್ತಿತ್ತು. ಗಂಡುಮಕ್ಕಳಿಲ್ಲದ ಕಾರಣ ನನ್ನನ್ನೇ ಕರೆದುಕೊಂಡು ಹೋಗಿ ತೋರಿಸಿದ್ದ. ನಂಗ್ ಎಂದರೆ ಎಲೆಯಂತೆ ಚಪ್ಪಟೆ ಮೀನು. ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ. ಇನ್ನೊಂದು ಮಗ್ಗುಲು ಬಿಳಿ, ಕುರುಡು. ಹೊಯ್ಗೆಯೊಳಗೆ, ಎಂದರೆ ಮರಳಿನೊಳಗೆ, ಮೈ ಹುಗಿದು, ಕಣ್ಣು ಮಾತ್ರ ಮೇಲಿಟ್ಟು ಮಲಗಿರುತ್ತದೆ. ಜಾಗದ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ "ಅಲ್ಲೇ" ಎಂದು ನಾಲ್ಕೂ ದಿಕ್ಕಿಗೆ ಕೈ ಬೀಸುತ್ತಿದ್ದ. "ಜಾಗ ಬಾಯಿಗೆ ಬಂದರೆ ಜಾಗ ಹೋಯಿತು, ನೆನಪಿರಲಿ" ಎಂದು ನನಗೆ ಹೇಳುತ್ತಿದ್ದ. ಅದು ನಮ್ಮ ಕಡೆಯ ಗಾಳ ಹಾಕುವವರ ನಂಬಿಕೆ. ನಾನೂ ನಂಬಿದ್ದೆ. ಊರಿನಲ್ಲಿ ನನ್ನದೆಂದು ಉಳಿದದ್ದು ಅದೊಂದೇ ಆದ್ದರಿಂದ ಇನ್ನೂ ಗಟ್ಟಿಯಾಗಿ ನಂಬಿದ್ದೆ.

ಬೇಸಿಗೆಯ ಕೊನೆಗೆ ಒಂದು ಭಾನುವಾರ ತಡೆಯಲಾಗಲಿಲ್ಲ. ಬಸ್ಸು ಹತ್ತಿ, ಇಂದಿರಾನಗರ, ಹಲಸೂರು ದಾಟಿ ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಹೋದೆ. ಮೂಲೆಯ ಕಲ್ಲುಕಟ್ಟೆಯ ಮೇಲೆ ಬಿಳಿ ಗಡ್ಡದ ಒಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಖಾದರ್ ಸಾಬ್ರು ಎನ್ನುತ್ತಿದ್ದರು.

"ಏನ್ ಬೇಕಮ್ಮಾ?" ಎಂದರು.

"ನಂಗ್ ಬೇಕು," ಎಂದೆ.

"ನಿಂಗೇ ಕೊಡೋದು ತಾಯಿ, ಪಕ್ಕದೋರ್ಗಲ್ಲ. ಏನ್ ಬೇಕು?"

"ನಂಗ್!"

"ಅರೇ, ಯಾರ್ಗೆ ಬೇಕು ಅಂತ ನಾ ಕೇಳಿಲ್ಲ ಬೇಟಿ. ಏನ್ ಬೇಕು ಅಂತ ಕೇಳ್ದೆ."

ನನಗೆ ಸಿಟ್ಟು ಬಂತು. ಊರಿನಿಂದ ಬಂದ ಹುಡುಗಿಯೆಂದು ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ತುಳುವಿನಲ್ಲಿ "ನನಗೆ" ಎನ್ನುವುದಕ್ಕೆ "ಎಂಕ್" ಎನ್ನುತ್ತೇವೆ. ಬೆಂಗಳೂರಿನವರ ಬಾಯಲ್ಲಿ "ನನಗೆ" ಸವೆದು ಸವೆದು "ನಂಗ್" ಆಗಿದೆಯೆಂದು ನನಗೆ ಹೊಳೆಯಲೇ ಇಲ್ಲ. ಕೊನೆಗೆ ಬುಟ್ಟಿಯ ಅಡಿಯಲ್ಲಿದ್ದ ಒಂದು ನಂಗನ್ನು ಬಾಲ ಹಿಡಿದೆತ್ತಿ ಅವರ ಮುಖದೆದುರು ಆಡಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕಪಕ್ಕದ ಕಟ್ಟೆಯವರನ್ನೆಲ್ಲ ಕರೆದು ಮತ್ತೆ ಹೇಳಿ ನಗಿಸಿದರು. ನಾನೂ ನಕ್ಕೆ. ಅಪ್ಪ ಹೋದ ಮೇಲೆ ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಅವತ್ತಿನಿಂದ ನನ್ನ ಹೆಸರು ಜಲಜ ಎಂಬುದು ಅಲ್ಲಿ ಯಾರಿಗೂ ಬೇಕಾಗಲಿಲ್ಲ. ನಾನು ನಂಗಮ್ಮ.

ಮೀನನ್ನು ಕೊಯ್ಯುವಾಗ ಅವರು ಸುಮ್ಮನೆ ಪೊರೆ ಹೆರೆಯತೊಡಗಿದರು. "ಅಯ್ಯೋ, ಇದರ ಚರ್ಮ ಸುಲೀಬೇಕು ಸಾಬ್ರೇ," ಎಂದು ಚಾಕು ಕಿತ್ತುಕೊಂಡೆ. ಬೆರಳಿಗೆ ಕಲ್ಲುಪ್ಪು ಸವರಿಕೊಂಡು, ತಲೆಯ ಹತ್ತಿರ ಉಗುರು ಕೊಟ್ಟು ಎಳೆದರೆ ಇಡೀ ಚರ್ಮ ಒಮ್ಮೆಗೇ ಬರುತ್ತದೆ. ಅವರು ಹುಬ್ಬೇರಿಸಿದರು. "ನಮ್ಮಪ್ಪನ ಕಾಲದಿಂದ ಮೀನು ಮಾರ್ತಿದೀವಿ. ಸಮುದ್ರ ಮಾತ್ರ ನೋಡಿಲ್ಲ ನೋಡು," ಎಂದರು. ನಾನು ನಂಬಲಿಲ್ಲ. "ಹೌ ಬೇಟಿ, ಅಲ್ಲಾ ಕಸಮ್. ಲಾರಿ ಬರುತ್ತೆ, ಮೀನು ಇಳಿಯುತ್ತೆ, ಲಾರಿ ಹೋಗುತ್ತೆ. ನಾನೆಲ್ಲಿ ಹೋಗ್ಲಿ?"

ಮಳೆಗಾಲ ಬಂತು. ಕಡಲಿಗೆ ದೋಣಿ ಇಳಿಸುವಂತಿಲ್ಲವಾದ್ದರಿಂದ ನಮ್ಮ ಕಡೆಯ ಮೀನು ನಿಂತುಹೋಯಿತು. ಸಾಬ್ರ ಕಟ್ಟೆಯ ಮೇಲೆ ಕೆರೆಯ ಮೀನುಗಳು ಬಿದ್ದಿರುತ್ತಿದ್ದವು. ಅವನ್ನು ನಾನು ಮುಟ್ಟುವವಳಲ್ಲ. ಆದರೂ ಭಾನುವಾರ ಬಂತೆಂದರೆ ಕೊಡೆ ಹಿಡಿದು ಹೊರಡುತ್ತಿದ್ದೆ. ಗಿರಾಕಿ ಕಡಿಮೆ, ಮಾತಿಗೆ ಪುರುಸೊತ್ತು ಜಾಸ್ತಿ. ಅವರು ಸುಲೇಮಾನಿ ಚಹಾ ತರಿಸುತ್ತಿದ್ದರು, ಕೇಳುತ್ತಿದ್ದರು. ನಂಗ್ ಏನು ತಿನ್ನುತ್ತೆ? ಗಾಳಕ್ಕೆ ಬೀಳುತ್ತಾ? ಕಾಲಿಗೆ ಸಿಗುತ್ತಾ? ನನ್ನ ನಾಲಗೆಗೆ ಕಾಲು ಬಂದಂತಾಗುತ್ತಿತ್ತು.

ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ನಾವು ಎರೆ ಎನ್ನುತ್ತೇವೆ. ನಂಗ್‌ಗೆ ಹೊಯ್ಗೆಹುಳದಷ್ಟು ಒಳ್ಳೆಯ ಎರೆ ಇಲ್ಲ. ನೀರು ಇಳಿದಾಗ ಹೊಯ್ಗೆ ಮತ್ತು ಕೆಸರು ಕೂಡುವ ಕಡೆ ಸಣ್ಣ ಸಣ್ಣ ತೂತು ಕಾಣುತ್ತದೆ, ಅಲ್ಲಿ ತೆಂಗಿನ ಚಿಪ್ಪಿನಿಂದ ಬಗೆಯಬೇಕು. ಹುಳ ಸಿಗದಿದ್ದರೆ ಸಣ್ಣ ಸಿಗಡಿ, ಸಿಪ್ಪೆ ಸುಲಿದು. ಎರೆ ತಾಜಾ ಇರಬೇಕು. ಹಳಸಿದ್ದಕ್ಕೆ ಏಡಿ ಬಂದೀತು, ನಂಗ್ ತಿರುಗಿಯೂ ನೋಡುವುದಿಲ್ಲ. ಬಾಯಿ ಸಣ್ಣ, ಹಾಗಾಗಿ ಗಾಳವೂ ಸಣ್ಣ. ಸೀಸದ ಗುಂಡು ನೆಲ ತಾಗಿ, ಹೊಯ್ಗೆಯನ್ನು ಕೆದಕುತ್ತ ನಿಧಾನ ಬರುವಂತೆ ದಾರ ಎಳೆಯಬೇಕು. ಕಚ್ಚಿತೆಂದು ಗೊತ್ತಾದರೆ ಹಾರಬಾರದು. ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕುವಷ್ಟು ಹೊತ್ತು ತೆಪ್ಪಗಿರಬೇಕು. ಇಳಿತದಲ್ಲಿ ನೀರು ಸರಿದಾಗ ಹೊಯ್ಗೆಯ ಮೇಲೆ ನಂಗ್ ಮಲಗಿದ್ದ ಅಚ್ಚು ಕಾಣುತ್ತದೆ. ಅಚ್ಚು ಕಂಡ ಕಡೆಗೆ ಮರುದಿನ ಮತ್ತೆ ಬರುತ್ತದೆ.

"ಅಚ್ಚು ಎಲ್ಲಿ ಕಾಣುತ್ತೆ?" ಎಂದರು ಸಾಬ್ರು.

"ಅಲ್ಲೇ," ಎಂದು ನಾಲ್ಕೂ ದಿಕ್ಕಿಗೆ ಕೈ ಬೀಸಿದೆ. ಅಪ್ಪನ ಮಾತನ್ನೂ ಹೇಳಿದೆ. ಅವರು ಗಡ್ಡ ಸವರಿಕೊಂಡರು. "ಹಾಗಾದ್ರೆ ನಕ್ಕೋ ಬೇಟಿ. ಹೇಳ್ಬೇಡ. ಜಾಗ ಹೋದ್ರೆ ಆಮೇಲೆ ನಂಗೆ ಪಾಪ ತಟ್ಟುತ್ತೆ."

ಕೆಲವು ವಾರ ಹೋದ ಮೇಲೆ ಅವರಿಗೆ ಗಾಳ ಎಸೆದು ಎಳೆಯುವುದನ್ನು ಕಲಿಯುವ ಹುಚ್ಚು ಹಿಡಿಯಿತು. ಒಂದು ಮಧ್ಯಾಹ್ನ ತಮ್ಮ ಹಳೆಯ ಲೂನಾ ಗಾಡಿಯಲ್ಲಿ ಕಗ್ಗದಾಸಪುರಕ್ಕೇ ಬಂದುಬಿಟ್ಟರು. ಕೆರೆಯ ದಂಡೆಯಲ್ಲಿ ನಿಂತು ನಾನು ತೋರಿಸಿದೆ, ಅವರು ಎಸೆದರು. ನನ್ನ ಪಕ್ಕದ ಕೋಣೆಯ ಶರಣಮ್ಮ ಸೊಂಟದಲ್ಲಿ ಕೂಸು ಇಟ್ಟುಕೊಂಡು ನೋಡಲು ಬಂದಿದ್ದಳು. ಯಾದಗಿರಿ ಕಡೆಯವಳು, ಮಾತಿನಲ್ಲಿ ಬಲು ಜೋರು. ನಾನು ಹಿಂದೆ ನಂಗ್ ತಂದಾಗ "ಏನಬೇ ಇದು, ಚಪ್ಪಲಿ ಅಟ್ಟಿ ತಂದೀಯಲ್ಲ!" ಎಂದು ಗೇಲಿ ಮಾಡಿದವಳು. ಸಾಬ್ರು ದಾರ ಎಳೆದರು. ಭಾರವಾಯಿತು. "ಸುಮ್ಮನಿರಿ, ಸುಮ್ಮನಿರಿ," ಎಂದು ನಾನು ಕೂಗಿದೆ. ಅವರು ಉಸಿರು ಬಿಗಿಹಿಡಿದು ನಿಂತರು. ಕೊನೆಗೆ ಕೆಸರು ಸುರಿಸುತ್ತ ಮೇಲೆ ಬಂದದ್ದು ಒಂದು ಹರಿದ ಹವಾಯಿ ಚಪ್ಪಲಿ.

"ಸಿಕ್ತಲ್ಲಬೇ ನಿನ್ನ ಮೀನ!" ಎಂದು ಶರಣಮ್ಮ ನೆಲಕ್ಕೇ ಕೂತು ನಕ್ಕಳು. ಕೂಸೂ ನಕ್ಕಿತು. ಸಾಬ್ರು ಚಪ್ಪಲಿಯನ್ನು ಬಾಲ ಹಿಡಿದಂತೆ ಎತ್ತಿ ಹಿಡಿದು, "ಇದ್ರ ಚರ್ಮ ಹೆಂಗ್ ಸುಲೀಬೇಕು, ನಂಗಮ್ಮಾ?" ಎಂದರು. ಆ ದಿನ ನನಗೂ ಈ ಊರಿನಲ್ಲಿ ಯಾರೋ ಇದ್ದಾರೆ ಅನ್ನಿಸಿತ್ತು.

ಆಮೇಲೆ ಶ್ರಾವಣ ಬಂತು. ನಾಗರ ಪಂಚಮಿಗೆ ಆ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಅಣ್ಣನೋ ತಮ್ಮನೋ ಬಂದು ಕರೆದೊಯ್ಯುತ್ತಾನೆ. ವಠಾರದ ಒಂದೊಂದೇ ಬಾಗಿಲಿಗೆ ಬೀಗ ಬಿತ್ತು. ಶರಣಮ್ಮನ ಅಣ್ಣ ಬಂದು ಗಂಟು ಹೊತ್ತುಕೊಂಡು ಅಂಗಳದಲ್ಲಿ ನಿಂತಿದ್ದ. ಅವಳು ನನ್ನ ಬಾಗಿಲಿಗೆ ಬಂದು ಕೈಯಲ್ಲಿ ಶೇಂಗಾ ಉಂಡಿ ಇಟ್ಟಳು.

"ನೀ ಹೋಗಂಗಿಲ್ಲೇನಬೇ ತವರಿಗಿ?"

"ಇಲ್ಲ ಅಕ್ಕಾ."

"ಯಾರೂ ಕರೀಲಾಕ ಬರಂಗಿಲ್ಲೇನು?"

ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ಉಂಡಿಯನ್ನು ಬಾಯಿಗೆ ತುರುಕಿಕೊಂಡು ತಲೆಯಾಡಿಸಿದೆ. ಅವರೆಲ್ಲ ಹೋದ ಮೇಲೆ ವಠಾರದಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಹಬ್ಬದ ರಜೆ. ಇಡೀ ಹಗಲು ಚಾಪೆಯ ಮೇಲೆ ಮಲಗಿದ್ದೆ. ಒಂಟಿತನ ಎಂದರೆ ಮನಸ್ಸಿಗೆ ಆಗುವಂಥದ್ದು ಎಂದುಕೊಂಡಿದ್ದೆ. ಅವತ್ತು ಅದು ಹೊಟ್ಟೆಯೊಳಗೆ ಹಸಿವಿನ ಹಾಗೆ ಕೊರೆಯಿತು. ನಾನು ಸತ್ತರೆ ಆ ಜಾಗವೂ ನನ್ನ ಜೊತೆ ಸಾಯುತ್ತದೆ, ಅಪ್ಪ ಇದ್ದ ಎನ್ನುವುದಕ್ಕೂ ಸಾಕ್ಷಿ ಉಳಿಯುವುದಿಲ್ಲ ಎಂದು ಹೆದರಿಕೆಯಾಯಿತು.

ಆ ಭಾನುವಾರ ಚಹಾ ಕುಡಿಯುವ ಮೊದಲೇ ಸಾಬ್ರಿಗೆ ಜಾಗ ಹೇಳಿಬಿಟ್ಟೆ. ಅಳಿವೆಯ ತೆಂಕು ದಡದಲ್ಲಿ ಒಂದು ಒಂಟಿ ತಾಳೆಮರ ಇದೆ. ಅದರ ಹಿಂದೆ ದೂರದಲ್ಲಿ ಹೆಂಚಿನ ಕಾರ್ಖಾನೆಯ ಚಿಮಣಿ. ದಡದ ಉದ್ದಕ್ಕೂ ನಡೆಯುತ್ತ ಹೋದರೆ ಒಂದು ಕಡೆ ತಾಳೆಮರ ಚಿಮಣಿಯನ್ನು ಪೂರ್ತಿ ಮುಚ್ಚುತ್ತದೆ. ಅಲ್ಲಿ ನಿಂತು ನೀರಿಗೆ ತಿರುಗಿದರೆ ಎದುರಿಗೇ ಹೊಯ್ಗೆಯ ದಿಬ್ಬ. ಹೊಳೆಯ ನೀರು ಆ ದಿಬ್ಬಕ್ಕೆ ಬಡಿದು ಮೆಲ್ಲ ತಿರುಗುವ ಕಡೆಯೇ ನಂಗ್ ಮಲಗುವ ಜಾಗ.

ಅವರು ಕೈಯಲ್ಲಿದ್ದ ಚಾಕು ಕೆಳಗಿಟ್ಟರು. "ಯಾಕೆ ಹೇಳ್ದೆ?" ಎಂದರು.

"ಯಾರಿಗಾದ್ರೂ ಗೊತ್ತಿರ್ಲಿ ಅಂತ," ಎಂದೆ.

ಚೌತಿ ಹತ್ತಿರ ಬಂದಾಗ ಕಡಲಿಗೆ ದೋಣಿ ಇಳಿದವು. ಮೀನಿನ ಲಾರಿಗಳು ಮತ್ತೆ ಓಡತೊಡಗಿದವು. ಖಾಲಿ ಲಾರಿ ವಾಪಸ್ಸು ಹೋಗುವಾಗ ಸಾಬ್ರು ಡ್ರೈವರನ ಪಕ್ಕ ಕೂತು ಹೊರಡುವುದೆಂದು ತೀರ್ಮಾನವಾಯಿತು. ನನಗೆ ರಜೆ ಸಿಗುವಂತಿರಲಿಲ್ಲ. ಸಿಕ್ಕಿದ್ದರೂ ಹೋಗುತ್ತಿದ್ದೆನೋ ಇಲ್ಲವೋ. ಹೋಗಿ ಇಳಿಯಲು ಮನೆಯೆಲ್ಲಿತ್ತು? ಸೀಸದ ಗುಂಡು, ಸಣ್ಣ ಗಾಳ, ದಾರ ಎಲ್ಲ ನಾನೇ ಕಟ್ಟಿಕೊಟ್ಟೆ. "ಒಂದು ಹಿಡಿದು ತರ್ತೀನಿ ನೋಡು," ಎಂದರು. ಹೊಸ ಬಿಳಿ ಪೈಜಾಮ ಹಾಕಿಕೊಂಡು ಮದುಮಗನ ಹಾಗೆ ಲಾರಿ ಹತ್ತಿದರಂತೆ. ಮಾರ್ಕೆಟ್ಟಿನವರು ಹೇಳಿ ನಕ್ಕರು.

ಮುಂದಿನ ಭಾನುವಾರ ಓಡಿದೆ ಎಂದರೂ ತಪ್ಪಲ್ಲ. ಸಾಬ್ರು ಕಟ್ಟೆಯ ಮೇಲೆ ಕೂತಿದ್ದರು. ಮುಖ ಬಿಸಿಲಿಗೆ ಕಪ್ಪಾಗಿತ್ತು.

"ಹೇಗಿತ್ತು?"

"ಎಷ್ಟು ನೀರು ಬೇಟಿ! ಎಷ್ಟು ನೀರು!" ಎಂದರು. ಅದನ್ನು ಹೇಳುವಾಗ ಅವರ ಕಣ್ಣು ಹೊಳೆಯಿತು.

"ಜಾಗ?"

"ನೀ ಹೇಳ್ದಂಗೇ ಇತ್ತು. ತಾಳೆಮರ, ಚಿಮಣಿ, ಮರಳು ದಿಬ್ಬ. ಎಲ್ಲಾ ಹಂಗೇ. ಅಲ್ಲೇ ಸಿಕ್ತು, ತಗೋ." ಐಸಿನೊಳಗಿಂದ ಎಲೆಯಲ್ಲಿ ಸುತ್ತಿದ ಒಂದು ನಂಗ್ ತೆಗೆದು ನನ್ನ ಕೈಗಿತ್ತರು. "ಇನ್ಮೇಲೆ ಯಾರ್ಗೂ ಹೇಳ್ಬೇಡ. ಜಾಗ ನಿಂದೇ ಇರ್ಲಿ."

ಮೀನನ್ನು ಹಿಡಿದು ನೋಡಿದೆ. ನೋಡಬಾರದಿತ್ತು. ಗಾಳಕ್ಕೆ ಬಿದ್ದ ನಂಗಿನ ತುಟಿ ಹರಿದಿರುತ್ತದೆ. ಇದರ ತುಟಿ ಸರಿಯಾಗಿತ್ತು. ಮೈಮೇಲೆ ಬಲೆಯ ನೂಲು ಒತ್ತಿದ ಗೆರೆಗಳಿದ್ದವು. ಇದು ಬಲೆಯ ಮೀನು, ಯಾರದೋ ಹತ್ತಿರ ಕೊಂಡದ್ದು. ಮುದುಕನಿಗೆ ಮೀನು ಸಿಗಲಿಲ್ಲ, ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಇವರ ಮೇಲೆ ಮಾತ್ರ ಸಿಟ್ಟು ಬಂತು. ಇಡೀ ಊರಿನಲ್ಲಿ ಒಬ್ಬರ ಹತ್ತಿರ ನಿಜ ಹೇಳಿದ್ದೆ, ಅವರೂ ನನಗೆ ಸುಳ್ಳು ಹೇಳಿದರಲ್ಲ. ಮೀನನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಕೋಣೆಗೆ ಬಂದು ಚರ್ಮ ಸುಲಿದು, ಹುರಿದು, ಒಬ್ಬಳೇ ಕೂತು ತಿಂದೆ.

ಆಮೇಲೆ ಭಾನುವಾರಗಳು ತಪ್ಪುತ್ತ ಹೋದವು. ಒಮ್ಮೆ ಓವರ್‌ಟೈಮ್, ಒಮ್ಮೆ ಮಳೆ, ಒಮ್ಮೆ ಸುಮ್ಮನೆ ಬೇಸರ. ಮುಂದೆ ಮದುವೆಯಾಗಿ ಕೆ.ಆರ್.ಪುರಕ್ಕೆ ಹೋದೆ. ಮದುವೆಗೆ ಕರೆಯಲೆಂದು ಮಾರ್ಕೆಟ್ಟಿಗೆ ಹೋದಾಗ ಕಟ್ಟೆಯ ಮೇಲೆ ಬೇರೆ ಯಾರೋ ಕೂತಿದ್ದರು. ಸಾಬ್ರಿಗೆ ಹುಷಾರಿಲ್ಲ, ಕೋಲಾರದ ಮಗಳ ಮನೆಗೆ ಹೋದರು ಎಂದಷ್ಟೇ ಹೇಳಿದರು. ಅವರನ್ನು ಮತ್ತೆ ನಾನು ನೋಡಲೇ ಇಲ್ಲ.

ಮಗಳು ನಡೆಯಲು ಕಲಿತ ಮೇಲೆ, ದೊಡ್ಡಪ್ಪನ ಮೊಮ್ಮಗಳ ಮದುವೆಗೆಂದು ಮೊದಲ ಸಲ ಊರಿಗೆ ಹೋದೆ. ಊಟ ಮುಗಿಸಿ ಮಗುವನ್ನು ಎತ್ತಿಕೊಂಡು ಅಳಿವೆಯ ಕಡೆ ನಡೆದೆ. ತಾಳೆಮರ ಇತ್ತು. ಚಿಮಣಿಯೂ ಇತ್ತು. ನಡೆಯುತ್ತ ಹೋದೆ. ತಾಳೆಮರ ಚಿಮಣಿಯನ್ನು ಪೂರ್ತಿ ಮುಚ್ಚಿದ ಕಡೆ ನಿಂತು ಕೆಳಗೆ ನೋಡಿದರೆ ಕಾಲಡಿಯಲ್ಲಿ ಕಲ್ಲು. ಎದುರಿಗೂ ಕಲ್ಲು. ಕಡಲು ಕೊರೆಯದಿರಲೆಂದು ಬಂಡೆಗಳನ್ನು ಪೇರಿಸಿ ದಡದಿಂದ ನೀರಿನೊಳಗಿನವರೆಗೂ ಕಟ್ಟೆ ಹಾಕಿದ್ದರು. ದಿಬ್ಬ ಇಲ್ಲ, ತಿರುಗುವ ನೀರಿಲ್ಲ, ನಂಗ್ ಮಲಗುವ ಹೊಯ್ಗೆ ಇಲ್ಲ. ನಾನು ಹೇಳಿದೆ, ಜಾಗ ಹೋಯಿತು. ಅಪ್ಪನ ಮುಖ ಕಣ್ಣೆದುರು ಬಂತು. ಅಲ್ಲೇ ಬಂಡೆಯ ಮೇಲೆ ಕೂತೆ.

ಸ್ವಲ್ಪ ದೂರದಲ್ಲಿ ಸಂಜೀವಣ್ಣ ಬಲೆ ಬಿಡಿಸುತ್ತಿದ್ದ. ಅಪ್ಪನ ಜೊತೆಯವನು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದ.

"ಈ ಕಲ್ಲು ಯಾವಾಗ ಹಾಕಿದ್ದು ಸಂಜೀವಣ್ಣ?" ಎಂದು ಕೇಳಿದೆ.

"ನಿನ್ನ ಅಪ್ಪ ಸತ್ತನಲ್ಲ, ಆ ಬೇಸಿಗೆಯಲ್ಲೇ. ಮಳೆ ಹಿಡಿಯುವ ಮೊದಲೇ ಮುಗಿಸಿದರು," ಎಂದ.

ನಾನು ಲೆಕ್ಕ ಹಾಕಿದೆ. ಸಾಬ್ರಿಗೆ ನಾನು ಜಾಗ ಹೇಳಿದ್ದು ಶ್ರಾವಣದಲ್ಲಿ. ನಾನು ಶಿವಾಜಿನಗರದ ಕಟ್ಟೆಯ ಮೇಲೆ ಕೂತು ಕೈಯಾಡಿಸಿ ವರ್ಣಿಸುತ್ತಿದ್ದಾಗ ಅದು ಆಗಲೇ ಬಂಡೆಗಳ ಅಡಿಗೆ ಸೇರಿತ್ತು. ಹಾಗಾದರೆ ಸಾಬ್ರು ಬಂದು ನೋಡಿದ್ದು ಈ ಕಲ್ಲನ್ನೇ.

ಸಂಜೀವಣ್ಣ ಮಗುವಿನ ಕೆನ್ನೆ ಮುಟ್ಟಿ ಮಾತು ಮುಂದುವರಿಸಿದ. "ಕೇಳು, ಅದೇ ವರ್ಷ ಚೌತಿ ಹೊತ್ತಿಗೆ ಬೆಂಗಳೂರಿನ ಒಬ್ಬ ಮುದುಕ ಸಾಯ್ಬರು ಬಂದಿದ್ದರು. ಮಳ್ಳು ಹಿಡಿದಿತ್ತೋ ಏನೋ. ಈಗ ನೀನು ಕೂತಿದ್ದೀಯಲ್ಲ, ಸರಿಯಾಗಿ ಅಲ್ಲೇ ನಿಂತು ಒಮ್ಮೆ ತಾಳೆಮರ ನೋಡುವುದು, ಒಮ್ಮೆ ಕಲ್ಲು ನೋಡುವುದು. ಕಲ್ಲು ಯಾವಾಗ ಹಾಕಿದ್ದೆಂದು ನಿನ್ನ ಹಾಗೇ ಕೇಳಿದರು. ಹೇಳಿದೆ. ಸುಮ್ಮನೆ ಕೂತು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಬಲೆಯಿಂದ ಒಂದು ನಂಗ್ ಆರಿಸಿಕೊಂಡರು. ನಿಮಗೆ ಒಂದೇ ಸಾಕಾ ಎಂದು ಕೇಳಿದೆ. ಅದಕ್ಕೆ ಏನೆಂದರು ಗೊತ್ತುಂಟಾ? 'ನಂಗಲ್ಲ' ಎಂದರು! ಕೈಯಲ್ಲಿ ನಂಗ್ ಹಿಡಿದುಕೊಂಡು ನಂಗಲ್ಲ ಎನ್ನುತ್ತಾರಲ್ಲ! ನಂಗಲ್ಲದೆ ಅದು ಮತ್ತೇನು ಮಾರಾಯ್ತಿ, ಬಂಗುಡೆಯಾ?"

ಅವನು ನಕ್ಕ. ನಾನೂ ನಗಲು ಹೋದೆ, ಅಳು ಬಂತು. ಮಗು ಹೆದರಿ ನನ್ನ ಕುತ್ತಿಗೆ ತಬ್ಬಿಕೊಂಡಿತು. ಸಂಜೀವಣ್ಣ ತಾನು ಏನು ತಪ್ಪು ಹೇಳಿದೆನೆಂದು ತಿಳಿಯದೆ ಬಲೆ ಹಿಡಿದು ನಿಂತಿದ್ದ.